ಐದನೆಯ ಯಾಕೆ

ಮೂವತ್ತೊಂದು ವರ್ಷದಿಂದ ನಾನು ಮಾಡುತ್ತಿರುವುದು ಒಂದೇ ಕೆಲಸ, ಯಾಕೆ ಎಂದು ಕೇಳುವುದು. ನಗಬೇಡಿ. ನಮ್ಮೂರಿನಲ್ಲಿ ಅದು ಸಂಬಳದ ಕೆಲಸ, ಮರ್ಯಾದೆಯ ಕೆಲಸ. ನನಗಿಂತ ಮುಂಚೆ ನಮ್ಮಪ್ಪ ಕೇಳುತ್ತಿದ್ದ. ಬೀದಿಯಲ್ಲಿ ಹೋಗುತ್ತಿದ್ದರೆ ಜನ ‘ಕೇಳೋ ಹಾಲಪ್ಪ ಬಂದ’ ಎಂದು ದಾರಿ ಬಿಡುತ್ತಾರೆ. ಕೆಲವರು ದಾರಿ ಬಿಡುವುದು ಮರ್ಯಾದೆಗಲ್ಲ, ಎಲ್ಲಿ ಏನಾದರೂ ಕೇಳಿಬಿಡುತ್ತೇನೋ ಎಂಬ ಭಯಕ್ಕೆ. ಅದೂ ನನಗೆ ಗೊತ್ತು.

ನಮ್ಮೂರಿನಲ್ಲಿ ಒಂದು ಹಗ್ಗವಿದೆ. ಕೊಡೆ ಕಾರ್ಖಾನೆಯಲ್ಲಿ ಶುರುವಾಗಿ, ಹಿಟ್ಟಿನ ಗಿರಣಿ, ಬಸ್ ನಿಲ್ದಾಣ, ಹೋಟೆಲು, ದರ್ಜಿ ಅಂಗಡಿ, ಶಾಲೆ ಎಲ್ಲವನ್ನೂ ಹಾದು, ಕೆಲಸ ಮಾಡುವ ಪ್ರತಿಯೊಬ್ಬರ ತಲೆಯ ಮೇಲೆ ಕೈಗೆಟುಕುವ ಹಾಗೆ ಓಡುತ್ತದೆ. ಕೆಲಸದಲ್ಲಿ ತಪ್ಪು ಕಂಡವರು ಅದನ್ನು ಎಳೆಯಬೇಕು. ಎಳೆದರೆ ಊರು ನಿಲ್ಲುತ್ತದೆ. ಎಳೆದ ಅಂಗಡಿ ಮಾತ್ರವಲ್ಲ, ಇಡೀ ಊರು. ಗಿರಣಿ ತಿರುಗುವುದಿಲ್ಲ, ಬಸ್ಸು ಹೊರಡುವುದಿಲ್ಲ, ಕತ್ತರಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಒಲೆಯಲ್ಲಿ ಬೆಂಕಿ ಉರಿಯುತ್ತಿದ್ದರೂ ಅನ್ನ ಬೇಯುವುದಿಲ್ಲ. ಜೀವ ಇರುವುದಕ್ಕೆ ಏನೂ ತೊಂದರೆಯಿಲ್ಲ. ಕಾಗೆ ಹಾರುತ್ತದೆ, ಮಕ್ಕಳು ಅಳುತ್ತವೆ, ಜಗಲಿ ಮೇಲೆ ಕೂತವರ ಹರಟೆಯಂತೂ ಎರಡರಷ್ಟಾಗುತ್ತದೆ. ಕೆಲಸ ಮಾತ್ರ ನಿಂತಲ್ಲೇ ನಿಲ್ಲುತ್ತದೆ.

ಆಗ ನನ್ನನ್ನು ಕರೆಯುತ್ತಾರೆ. ಹಗ್ಗ ಎಳೆದ ಜಾಗಕ್ಕೆ ಹೋಗಿ, ಎಲ್ಲರ ಎದುರಿಗೆ ನಿಂತು, ಯಾಕೆ ಎಂದು ಕೇಳುತ್ತೇನೆ. ಉತ್ತರ ನಿಜವಾದರೆ ಬಿಗಿದ ಹಗ್ಗ ಒಂದು ಗೇಣು ಸಡಿಲವಾಗುತ್ತದೆ. ಆ ಉತ್ತರಕ್ಕೆ ಮತ್ತೊಂದು ಯಾಕೆ. ಹೀಗೆ ಐದು ಯಾಕೆ, ಐದು ಗೇಣು. ಐದನೆಯದಕ್ಕೆ ಹಗ್ಗ ಮೊದಲಿನ ಹಾಗೆ ಜೋತುಬೀಳುತ್ತದೆ, ಊರು ನಡೆಯುತ್ತದೆ. ಸುಳ್ಳು ಹೇಳಿದರೆ ಹಗ್ಗ ಅಲುಗುವುದೇ ಇಲ್ಲ. ಒಮ್ಮೆ ಹೋಟೆಲಿನಲ್ಲಿ ಸಾಂಬಾರಿಗೆ ಉಪ್ಪು ಹೆಚ್ಚಾಯಿತು. ಯಾಕೆ? ಇಬ್ಬರು ಅಡುಗೆಯವರೂ ಹಾಕಿದರು. ಯಾಕೆ? ಹಾಕಿದೆ ಅಂತ ಒಬ್ಬ ಇನ್ನೊಬ್ಬನಿಗೆ ಹೇಳಲಿಲ್ಲ. ಯಾಕೆ? ಇಬ್ಬರಿಗೂ ಮಾತಿಲ್ಲ. ಯಾಕೆ? ಒಬ್ಬನ ತಂಗಿಯನ್ನು ಇನ್ನೊಬ್ಬನಿಗೆ ಕೊಡುತ್ತೇವೆ ಎಂದು ಹೇಳಿ ಕೊಡಲಿಲ್ಲ. ಯಾಕೆ? ತಂಗಿಗೆ ಇಷ್ಟವಿರಲಿಲ್ಲ, ಅದನ್ನು ಅವನಿಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಹಗ್ಗ ಜೋತುಬಿತ್ತು. ಇಪ್ಪತ್ತು ನಿಮಿಷದ ಕೆಲಸ. ಆಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿದರು.

ಇದರಲ್ಲಿ ಮುಖ್ಯವಾದ ಕಟ್ಟಳೆ ಒಂದಿದೆ. ಎಳೆದವರನ್ನು ಬೈಯುವಂತಿಲ್ಲ, ತಪ್ಪು ಮಾಡಿದವರನ್ನೂ ಬೈಯುವಂತಿಲ್ಲ. ‘ಮನುಷ್ಯ ಎಡವಿದರೆ ದಾರಿಯಲ್ಲಿ ಕಲ್ಲು ಇತ್ತು ಅಂತ ಅರ್ಥ, ಮೊದಲು ಕಲ್ಲು ಹುಡುಕು’ ಎನ್ನುತ್ತಿದ್ದ ನಮ್ಮಪ್ಪ. ಬೇರೆ ಊರಿನ ಕಂಪನಿಗಳ ಮ್ಯಾನೇಜರುಗಳು ಇದನ್ನು ನೋಡಲು ವ್ಯಾನು ಮಾಡಿಕೊಂಡು ಬರುತ್ತಾರೆ. ನಾವು ಯಾವುದನ್ನೂ ಹೆಚ್ಚಿಗೆ ಮಾಡಿಡುವುದಿಲ್ಲ, ಕೇಳಿದ ಮೇಲೆ ಕೇಳಿದಷ್ಟೇ ಮಾಡುತ್ತೇವೆ, ಊರಿಗೆ ಊರೇ ಒಂದು ಗೋದಾಮು ಇಲ್ಲ ಎಂದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಹಗ್ಗದ ದಪ್ಪ ಎಷ್ಟು, ಬಣ್ಣ ಯಾವುದು ಎಂದು ಬರೆದುಕೊಳ್ಳುತ್ತಾರೆ. ಹೋಗಿ ತಮ್ಮ ಕಾರ್ಖಾನೆಯಲ್ಲೂ ಅದೇ ಬಣ್ಣದ ಹಗ್ಗ ಕಟ್ಟುತ್ತಾರಂತೆ. ಮೊದಲು ಎಳೆದವನಿಗೆ ನೋಟೀಸು ಕೊಡುತ್ತಾರಂತೆ. ಆಮೇಲೆ ಯಾರೂ ಎಳೆಯುವುದಿಲ್ಲವಂತೆ, ಅದಕ್ಕೆ ತಪ್ಪೇ ಇಲ್ಲ ಎಂದು ಸಂತೋಷಪಡುತ್ತಾರಂತೆ. ಇದನ್ನು ಕೇಳಿದಾಗೆಲ್ಲ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈಗ ಅಷ್ಟು ನಗುವುದಿಲ್ಲ.

ನನ್ನ ಹೆಂಡತಿ ದಾಕ್ಷಾಯಣಿ ಕೊಡೆ ಕಾರ್ಖಾನೆಯಲ್ಲಿ ಹೊಲಿಗೆಯವಳು. ಕೊಡೆಯ ಬಟ್ಟೆಯನ್ನು ಎಂಟು ಕಡ್ಡಿಗೂ ಸೂಜಿಯಲ್ಲಿ ಹೊಲಿದು ಕೂರಿಸುವುದು ಅವಳ ಪಾಲಿನ ಕೆಲಸ. ಅವಳಷ್ಟು ಸಣ್ಣ ಹೊಲಿಗೆ ಊರಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಇದನ್ನು ಗಂಡನಾಗಿ ಹೇಳುತ್ತಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಮಗಳನ್ನು ಮದುವೆ ಮಾಡಿ ಕೊಟ್ಟ ಮೇಲೆ ಮನೆಯಲ್ಲಿ ನಾವಿಬ್ಬರೇ. ಮದುವೆಯಾದ ಹೊಸದರಲ್ಲಿ ಅವಳು ಸೌಟು ಹುಡುಕಿಕೊಂಡು ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಒಂದು ಭಾನುವಾರ ಬಾಗಿಲ ಬಳಿ ಕೂತು ಎಣಿಸಿದೆ. ಒಂದು ಹೊತ್ತಿನ ಅಡುಗೆಗೆ ನಾನೂರ ಹನ್ನೆರಡು ಹೆಜ್ಜೆ. ಅವತ್ತಿನಿಂದ ಹೆಜ್ಜೆ ಕಮ್ಮಿ ಮಾಡಲು ಹಿಡಿದೆ. ಒಲೆಯನ್ನು ಕಿಟಕಿಯಿಂದ ಈಚೆಗೆ ತಂದೆ. ಗೋಡೆಯ ಮೇಲೆ ಸೌಟು, ಜರಡಿ, ಲಟ್ಟಣಿಗೆ, ಇಕ್ಕಳ ಎಲ್ಲದರ ಆಕಾರವನ್ನೂ ಬಣ್ಣದಲ್ಲಿ ಬರೆದು ಮೊಳೆ ಹೊಡೆದೆ. ಬೀದಿ ನಲ್ಲಿಗೆ ಹೋಗುವುದು ಬೇಡವೆಂದು ಕೊಳಾಯಿಯನ್ನು ಒಳಗೇ ಹಾಕಿಸಿದೆ. ಮಾಳಿಗೆಯ ಮೇಲಿದ್ದ ಬಟ್ಟೆ ಒಣಗಿಸುವ ತಂತಿಯನ್ನು ಹಿತ್ತಲ ಬಾಗಿಲಿಗೆ ಇಳಿಸಿದೆ. ವರ್ಷ ವರ್ಷವೂ ಒಂದೊಂದು. ಹೋದ ಯುಗಾದಿಗೆ ಎಣಿಸಿದರೆ ತೊಂಬತ್ತಾರು ಹೆಜ್ಜೆ. ನಮ್ಮ ಅಡುಗೆಮನೆ ನೋಡಲು ನೆಂಟರು ಬರುತ್ತಿದ್ದರು. ದಾಕ್ಷಾಯಣಿ ಪ್ರತಿ ಸಲವೂ ‘ಚೆನ್ನಾಗಿದೆ ಕಣ್ರೀ’ ಎನ್ನುತ್ತಿದ್ದಳು. ಅಷ್ಟು ಹೇಳಿ ಒಳಗೆ ಹೋಗುತ್ತಿದ್ದಳು.

ಅವತ್ತು ಮಂಗಳವಾರ, ಬೆಳಿಗ್ಗೆ ಹತ್ತೂವರೆ. ನಾನು ಹೋಟೆಲಿನಲ್ಲಿ ದೋಸೆಗೆ ಕಾಯುತ್ತಿದ್ದೆ. ತಲೆಯ ಮೇಲಿನ ಹಗ್ಗ ಬಿಗಿಯಿತು, ಕಾವಲಿಯ ಮೇಲಿನ ದೋಸೆ ಹಸಿಯಾಗಿಯೇ ಉಳಿಯಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಗೊಣಗುತ್ತಾ ಹಗ್ಗದ ಜಾಡು ಹಿಡಿದು ಹೋದರೆ, ಎಳೆದದ್ದು ಕೊಡೆ ಕಾರ್ಖಾನೆಯಲ್ಲಿ.

ಸಾಲಿನ ಕೊನೆಯಲ್ಲಿ ಹಿಡಿ ಕೂರಿಸುವ ಜೈತುನ್‌ಬೀ ಹಗ್ಗ ಹಿಡಿದುಕೊಂಡೇ ನಿಂತಿದ್ದಳು. ದಾಕ್ಷಾಯಣಿಗೂ ಅವಳಿಗೂ ಇಪ್ಪತ್ತು ವರ್ಷದ ಗೆಳೆತನ, ಒಂದೇ ಡಬ್ಬಿಯಲ್ಲಿ ಉಣ್ಣುವವರು. ಮುಖ ಸಪ್ಪೆ ಮಾಡಿಕೊಂಡು, “ನಾನೇ ಎಳೆದಿದ್ದು ಹಾಲಪ್ಪಣ್ಣ,” ಎಂದಳು. “ಎಂಟನೇ ಕಡ್ಡೀಲಿ ಬಟ್ಟೆ ಬಿಟ್ಕೊಂಡಿದೆ. ಈ ತಿಂಗಳಲ್ಲಿ ಇದು ಮೂರನೇದು. ಎರಡು ಸಲ ನಾನೇ ಹೊಲಿದು ಸುಮ್ಮನಾದೆ. ಹಂಗೆ ಮುಚ್ಚಬಾರದು ಅಂತ ಗೊತ್ತು, ಅದಕ್ಕೇ ಇವತ್ತು ಎಳೆದೆ.”

ಕಾರ್ಖಾನೆಯ ಯಜಮಾನರಾದ ಕೊಟ್ರಯ್ಯನವರು ಪದ್ಧತಿಯಂತೆ ಬಂದು ಅವಳಿಗೆ ಕೈಮುಗಿದರು. “ಒಳ್ಳೇದು ಮಾಡಿದೆ ತಾಯಿ. ಹಾಲಪ್ಪ, ಶುರು ಮಾಡಪ್ಪ.”

ಬಟ್ಟೆ ಯಾಕೆ ಬಿಟ್ಟುಕೊಂಡಿತು ಎಂದು ಕೇಳಿದೆ. ಕೊನೆಯಲ್ಲಿ ಎರಡು ಗಂಟು ಹಾಕುವ ಕಡೆ ಒಂದೇ ಹಾಕಿದೆ ಎಂದಳು ಜೈತುನ್‌ಬೀ. ಒಂದು ಗೇಣು. ಹೊಲಿದವಳು ದಾಕ್ಷಾಯಣಿ. ಕೆಲಸದ ಹೊತ್ತಿನಲ್ಲಿ ಅವಳನ್ನೂ ಎಲ್ಲರ ಹಾಗೆ ‘ಅಮ್ಮ’ ಎಂದೇ ಕರೆಯುವುದು ನನ್ನ ನಿಯಮ. ಅದಕ್ಕೆ ಅವಳು ಮನೆಯಲ್ಲಿ ಆಡಿಕೊಂಡು ನಗುತ್ತಾಳೆ.

“ಯಾಕಮ್ಮ ಒಂದೇ ಗಂಟು?”

“ದಾರ ಸಾಲಲಿಲ್ಲ. ಎರಡು ಕೊಡೆಗೆ ಸೇರಿಸಿ ಒಂದೇ ದಾರ ಪೋಣಿಸ್ಕೊಂಡಿದ್ದೆ.” ಎರಡನೆಯ ಗೇಣು.

“ಎರಡಕ್ಕೆ ಒಂದೇ ದಾರ ಯಾಕೆ?”

“ಪದೇ ಪದೇ ಸೂಜಿಗೆ ಪೋಣಿಸೋ ಹೊತ್ತು ಉಳಿಯುತ್ತೆ. ನನ್ನ ಪಾಲಿನ ಕೊಡೆ ಬೇಗ ಮುಗಿಯುತ್ತೆ. ಐದು ಗಂಟೆಗೇ ಎದ್ದು ಹೊರಟುಬಿಡಬಹುದು.”

ಮೂರನೆಯ ಗೇಣು ಸಡಿಲವಾಯಿತು. ಸುತ್ತ ನಿಂತವರು ತಲೆಯಾಡಿಸಿದರು. ತನ್ನ ಪಾಲು ಮುಗಿಸಿದವರು ಎದ್ದು ಹೋಗಬಹುದು, ಅದು ಅಲ್ಲಿಯ ರೂಢಿ. “ಹೌದಲ್ಲ, ದಿನಾ ಐದಕ್ಕೇ ಹೋಗ್ತಾಳೆ,” ಎಂದಳು ಜೈತುನ್‌ಬೀ.

ಕಾರ್ಖಾನೆಯಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ದಾಕ್ಷಾಯಣಿ ಮನೆಗೆ ಬರುವುದು ಆರು ದಾಟಿದ ಮೇಲೆ. ಅವಳು ಕೆಲಸದಿಂದ ಏಳುವುದೇ ಆರಕ್ಕೆ ಎಂದುಕೊಂಡು ದಿನವೂ ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಊರಿನ ಪ್ರತಿಯೊಂದು ನಿಮಿಷದ ಲೆಕ್ಕ ಕೇಳುವ ನನಗೆ ನನ್ನ ಹೆಂಡತಿಯ ಒಂದು ಗಂಟೆ ಎಲ್ಲಿ ಹೋಗುತ್ತಿದೆ ಎಂದು ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ?

“ಐದಕ್ಕೆ ಯಾಕೆ ಏಳಬೇಕು?” ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೂಜಿ ನೋಡಿದಳು. “ಮಂಡಿ ನೋವು,” ಎಂದಳು. ಹಗ್ಗ ಅಲುಗಲಿಲ್ಲ. “ಸೊಪ್ಪು ತರಬೇಕಿತ್ತು,” ಎಂದಳು. ಹಗ್ಗ ಹಾಗೇ ಇತ್ತು. ಒಂದು ಸುಳ್ಳನ್ನು ನಮ್ಮೂರಿನ ಜನ ಗಾಬರಿಯಲ್ಲಿ ಬಂದದ್ದೆಂದು ಮನ್ನಿಸುತ್ತಾರೆ. ಎರಡನೆಯದಕ್ಕೆ ಎಲ್ಲರೂ ತಂತಮ್ಮ ಪಾದ ನೋಡಿಕೊಂಡರು.

“ಇನ್ನೊಂದು ಸಲ ಕೇಳಪ್ಪ,” ಎಂದರು ಕೊಟ್ರಯ್ಯನವರು.

“ಊಟದ ಹೊತ್ತಾಯ್ತು ಯಜಮಾನ್ರೇ, ಆಮೇಲೆ ನೋಡೋಣ,” ಎಂದೆ. ಮೂವತ್ತೊಂದು ವರ್ಷದಲ್ಲಿ ನಾನು ಒಂದು ದಿನವೂ ಹಾಗೆ ಅಂದವನಲ್ಲ. ಊಟವೆಲ್ಲಿಯದು? ಊರಿನ ಅನ್ನವೆಲ್ಲ ಅರ್ಧ ಬೆಂದು ಕೂತಿತ್ತು. ಮಾಡಿಟ್ಟುಕೊಳ್ಳುವ ಅಭ್ಯಾಸವಿಲ್ಲದ ಜನ ನಾವು, ಯಾರ ಮನೆಯಲ್ಲೂ ಒಂದು ಹಿಡಿ ಚಕ್ಕುಲಿ ಸಹ ಇರುವುದಿಲ್ಲ. ಮಧ್ಯಾಹ್ನ ಜನ ಸೀಬೆ, ಬಾಳೆಹಣ್ಣು, ಹಸಿ ಸೌತೆಕಾಯಿ ತಿಂದರು. ಕ್ಷೌರದಂಗಡಿಯಲ್ಲಿ ಒಂದೇ ಕೆನ್ನೆ ಬೋಳಿಸಿಕೊಂಡವನೊಬ್ಬ ಇನ್ನೊಂದು ಕೆನ್ನೆಗೆ ಟವೆಲು ಮುಚ್ಚಿಕೊಂಡು ಬೀದಿಯಲ್ಲಿ ತಿರುಗಿದ. ಬಸ್ಸಿನಲ್ಲಿದ್ದವರು ಇಳಿದು ನೆರಳು ಹುಡುಕಿಕೊಂಡರು. ಯಾರೂ ಬೈಯಲಿಲ್ಲ, ಕಟ್ಟಳೆ ಹಾಗಿದೆ. ಆದರೆ ಗಿರಣಿಯ ಜಗಲಿಯಲ್ಲಿ ಯಾರೋ “ಐದರಿಂದ ಆರು, ದಿನಾ ಒಂದು ಗಂಟೆ,” ಎಂದದ್ದು, ಇನ್ನೊಬ್ಬರು “ಶ್, ಬಂದ,” ಎಂದದ್ದು ನನ್ನ ಕಿವಿಗೆ ಬಿತ್ತು. ಮೈ ಉರಿದುಹೋಯಿತು. ಯಾರ ಮೇಲೆ ಕೋಪ ಎಂದು ಮಾತ್ರ ತಿಳಿಯಲಿಲ್ಲ.

ಆ ದಿನ ನಾನು ಮತ್ತೆ ಕೇಳಲೇ ಇಲ್ಲ. ಸಂಜೆ ಇಬ್ಬರೂ ಮೊಟ್ಟಮೊದಲ ಸಲ ಒಟ್ಟಿಗೆ ಕಾರ್ಖಾನೆಯಿಂದ ಮನೆಗೆ ನಡೆದೆವು, ಒಂದು ಮಾತಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮಗೆ ಉಣ್ಣಲು ಏನಿತ್ತು? ಅವಳು ಒಂದು ಸೌತೆಕಾಯಿ ಮುರಿದು ದೊಡ್ಡ ಹೋಳು ನನಗೆ ಕೊಟ್ಟಳು. ಅಲ್ಲಿ ಯಾರೂ ಇರಲಿಲ್ಲ, ಬಾಯಿ ಬಿಟ್ಟು ಕೇಳಿಬಿಡಬಹುದಿತ್ತು. ಕೇಳಲಿಲ್ಲ. ನಿಮ್ಮಲ್ಲಿ ಮುಚ್ಚಿಡುವುದೇನು, ನನಗೆ ಭಯವಾಗಿತ್ತು. ನನ್ನ ಜೊತೆ ಇರುವುದು ಅವಳಿಗೆ ಬೇಸರವಾಗಿದೆಯೋ, ಎಲ್ಲಾದರೂ ಹೋಗಿಬಿಡುವ ಯೋಚನೆಯಲ್ಲಿದ್ದಾಳೋ ಎಂದು. ಆ ಉತ್ತರ ಕೇಳುವುದಕ್ಕಿಂತ ಊರು ಹೀಗೇ ನಿಂತಿರಲಿ ಎನ್ನಿಸಿತು. ಇಂಥ ಮನುಷ್ಯ ನಾನು.

ಬೆಳಿಗ್ಗೆ ಎದುರುಮನೆಯ ಮೂರು ವರ್ಷದ ಮಗು ದೋಸೆ ಬೇಕೆಂದು ಅಳುತ್ತಿತ್ತು. ಅದರ ತಾಯಿ ನನ್ನನ್ನು ಕಂಡು ಮಗುವನ್ನು ಒಳಗೆ ಎತ್ತಿಕೊಂಡು ಹೋದಳು. ಅದನ್ನು ನೋಡಿ ತಡೆದುಕೊಳ್ಳಲಾಗಲಿಲ್ಲ. ನೆಟ್ಟಗೆ ಕಾರ್ಖಾನೆಗೆ ಹೋಗಿ ಕೊಟ್ರಯ್ಯನವರಿಗೆ, “ನನ್ನ ಕೈಲಿ ಆಗಲ್ಲ, ಬೇರೆ ಯಾರಾದರೂ ಕೇಳಲಿ,” ಎಂದೆ.

“ಬೇರೆ ಯಾರಿದ್ದಾರೋ ಮಾರಾಯ?” ಎಂದರು ಅವರು. ಹಸಿವಿನಲ್ಲಿ ಅವರ ಮುಖವೂ ಇಳಿದಿತ್ತು.

ಹಿಂದಿನಿಂದ ದಾಕ್ಷಾಯಣಿಯ ದನಿ ಬಂತು. “ಬೇರೆಯವರು ಕೇಳಿದರೆ ನಾನು ಹೇಳಲ್ಲ. ಹೇಳೋದಾದರೆ ಇವರಿಗೇ ಹೇಳೋದು.”

ಜೈತುನ್‌ಬೀ ಅಳತೊಡಗಿದಳು. “ನಾನು ಎಳೀಬಾರದಿತ್ತು ದಾಕ್ಷಿ. ಮೂರನೇದನ್ನೂ ಹೊಲಿದು ಸುಮ್ಮನಿದ್ದಿದ್ರೆ ಆಗ್ತಿತ್ತು.”

“ನೀನು ಸರಿಯಾಗೇ ಮಾಡಿದೆ ಜೈತುನಕ್ಕ. ಗಂಟು ಬಿಟ್ಟೋಳು ನಾನು,” ಎಂದು ಅವಳ ಭುಜ ಸವರಿ, ದಾಕ್ಷಾಯಣಿ ತನ್ನ ಜಾಗದಲ್ಲಿ ಬಂದು ನಿಂತಳು. ಊರಿನ ಅರ್ಧ ಜನ ಬಾಗಿಲು ಕಿಟಕಿಗಳಲ್ಲಿ ನೆರೆದಿದ್ದರು. ನಾನು ಎದುರಿಗೆ ನಿಂತೆ. ‘ಅಮ್ಮ’ ಎನ್ನಲು ಬಾಯಿ ಬರಲಿಲ್ಲ.

“ದಾಕ್ಷಿ, ಐದಕ್ಕೆ ಯಾಕೆ ಏಳ್ತೀಯ?”

“ಊರಾಚೆ ಹಳೇ ಸುಂಕದ ಕಟ್ಟೆ ಇದೆಯಲ್ಲ, ಅಲ್ಲಿ ಹೋಗಿ ಕೂತ್ಕೊತೀನಿ,” ಎಂದಳು. “ಏನೂ ಮಾಡಲ್ಲ. ಒಬ್ಬಳೇ ಸುಮ್ಮನೆ ಕೂತಿರ್ತೀನಿ. ಹೊತ್ತಾಯ್ತು ಅನ್ಸಿದಾಗ ಎದ್ದು ಬರ್ತೀನಿ.” ಹಗ್ಗ ಇನ್ನೂ ಅಲುಗಿರಲಿಲ್ಲ, ಅವಳ ಉತ್ತರ ಮುಗಿದಿರಲಿಲ್ಲ. “ಮನೇಲಿ ಕೂರೋಕೆ ಜಾಗ ಇಲ್ಲ. ಸೌಟಿಗೆ ಜಾಗ ಇದೆ, ಜರಡಿಗೆ ಜಾಗ ಇದೆ. ಬೀದಿ ನಲ್ಲಿ ಹತ್ರ ಕೊಡ ತುಂಬೋ ತನಕ ನಿಂತ್ಕೊಂಡು ಅವರಿವರ ಜೊತೆ ಮಾತಾಡ್ತಿದ್ದೆ, ಕೊಳಾಯಿ ಮನೆಯೊಳಗೆ ಬಂತು. ಬಟ್ಟೆ ಹರವೋಕೆ ಮಾಳಿಗೆ ಹತ್ತಿದಾಗ ಒಂದು ಗಳಿಗೆ ಗಾಳಿಗೆ ನಿಲ್ತಿದ್ದೆ, ತಂತಿ ಹಿತ್ತಲಿಗೆ ಬಂತು. ಒಲೆ ಮುಂದೆ ಕಿಟಕಿ ಇತ್ತು, ಒಲೇನೂ ಈಚೆಗೆ ಬಂತು. ದಿನಕ್ಕೆ ಒಂದು ಗಂಟೆ ನಂಗೆ ಉಳಿಸಿಕೊಟ್ರಿ. ಸುಳ್ಳು ಹೇಳಲ್ಲ, ನನ್ನ ಮೇಲಿನ ಪ್ರೀತಿಗೇ ಮಾಡಿದ್ರಿ ಅಂತ ಗೊತ್ತು. ಅದಕ್ಕೇ ನಿನ್ನೆ ಎಲ್ಲರೆದುರಿಗೆ ಹೇಳೋಕೆ ಮನಸ್ಸು ಬರಲಿಲ್ಲ. ಆದರೆ ಉಳಿದ ಆ ಒಂದು ಗಂಟೇನ ತಗೊಂಡು ನಾನು ಎಲ್ಲಿಗೆ ಹೋಗ್ಲಿ?”

ನಾಲ್ಕನೆಯ ಗೇಣು ಸಡಿಲವಾಯಿತು. ಜನ ಉಸಿರು ಬಿಟ್ಟದ್ದು ಕೇಳಿಸಿತು. ನನಗೆ ತಲೆ ಎತ್ತಲಾಗಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರೆ ನಾನೇ. ಮೂವತ್ತು ವರ್ಷ ನಾನು ಕಸವೆಂದು ಗುಡಿಸಿ ಹಾಕಿದ್ದೆಲ್ಲ ಅವಳು ಬದುಕುತ್ತಿದ್ದ ಹೊತ್ತು.

“ಇನ್ನೊಂದು ಉಳಿದಿದೆ ಹಾಲಪ್ಪ,” ಎಂದರು ಕೊಟ್ರಯ್ಯನವರು.

ಬಾಯಿ ತೆರೆದೆ. ಯಾರನ್ನು ಕೇಳಲಿ? ಅವಳ ಪಾಲಿನ ಉತ್ತರವನ್ನು ಅವಳು ಕೊಟ್ಟಾಗಿತ್ತು. ಗೋಡೆಗೆ ಬಣ್ಣ ಬಳಿದವನು ನಾನು, ತಂತಿ ಇಳಿಸಿದವನು ನಾನು. ಕೇಳುವವನನ್ನೇ ಕೇಳುವ ಪ್ರಸಂಗ ನಮ್ಮಪ್ಪನ ಕಾಲದಲ್ಲೂ ಬಂದಿರಲಿಲ್ಲ. ಕೊಟ್ರಯ್ಯನವರು ಜೈತುನ್‌ಬೀಯ ಮುಖ ನೋಡಿದರು, ಜೈತುನ್‌ಬೀ ದಾಕ್ಷಾಯಣಿಯ ಮುಖ ನೋಡಿದಳು.

“ನಾನು ಕೇಳ್ತೀನಿ,” ಎಂದಳು ದಾಕ್ಷಾಯಣಿ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನ ಕಡೆ ತಿರುಗಿದಳು. “ಯಾಕ್ರೀ ಅಷ್ಟೊಂದು ಉಳಿಸೋಕೆ ಹೋದ್ರಿ?”

ಆ ಕಡೆ ನಿಂತು ಕೇಳುವುದು ಬೇರೆ, ಈ ಕಡೆ ನಿಂತು ಹೇಳುವುದು ಬೇರೆ ಎಂದು ನನಗೆ ಗೊತ್ತಾದದ್ದು ಅವತ್ತೇ. “ವ್ಯರ್ಥವಾದದ್ದನ್ನ ಕಳೀಬೇಕು, ಅದು ನಮ್ಮೂರಿನ ಕ್ರಮ,” ಎಂದೆ. ಹಗ್ಗ ಅಲುಗಲಿಲ್ಲ. ಕಿಟಕಿಯಲ್ಲಿ ಯಾರೋ ಕೆಮ್ಮಿದರು. “ನಿನ್ನ ಕಾಲು ನೋಯಬಾರದು ಅಂತ,” ಎಂದೆ. ಹಗ್ಗ ಒಂದು ಬೆರಳಿನಷ್ಟು ಇಳಿದು ಅಲ್ಲೇ ನಿಂತಿತು. ಹಾಗೆ ಅದು ಅರ್ಧಕ್ಕೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ದಾಕ್ಷಾಯಣಿ ಹಗ್ಗವನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಕಾಯುತ್ತಿದ್ದಳು.

“ಕೆಲಸ ಬೇಗ ಮುಗಿದರೆ ನೀನು ನನ್ನ ಪಕ್ಕ ಬಂದು ಕೂರ್ತೀಯ ಅಂತ,” ಎಂದೆ. ದನಿ ಒಡೆಯಿತು, ಒಡೆಯಲಿ ಎಂದು ಬಿಟ್ಟೆ. “ಮದುವೆ ಆದಾಗಿನಿಂದ ಅದೊಂದೇ ಆಸೆ. ಬಾ, ಕೂತ್ಕೊ ಅಂತ ಕರೆಯೋಕೆ ನಾಚಿಕೆ. ನಮ್ಮಪ್ಪ ನಮ್ಮವ್ವನ್ನ ಹಂಗೆ ಕರೆದಿದ್ದು ನಾನು ಕಂಡಿಲ್ಲ. ಅದಕ್ಕೆ ನೂರು ಹೆಜ್ಜೆ ಕಮ್ಮಿ ಮಾಡಿದೆ. ನೀನು ಬಂದು ಕೂರಲಿಲ್ಲ. ಇನ್ನೂ ಸಾಲದೇನೋ ಅಂತ ಮತ್ತೆ ನೂರು ಕಮ್ಮಿ ಮಾಡಿದೆ.”

ಹಗ್ಗ ಜೋತುಬಿತ್ತು. ಹೊರಗೆ ಗಿರಣಿ ಸದ್ದು ಮಾಡಿತು, ಬಸ್ಸಿನ ಎಂಜಿನ್ ಗುಡುಗಿತು, ಬಾಗಿಲಲ್ಲಿ ನಿಂತಿದ್ದ ಹೆಂಗಸರೆಲ್ಲ ಅನ್ನ ಸೀದುಹೋಗುತ್ತದೆ ಎಂದು ಮನೆಗಳ ಕಡೆ ಓಡಿದರು. ಕೊಟ್ರಯ್ಯನವರು ಮೂಗು ಒರೆಸಿಕೊಂಡು, ಇನ್ನು ಮೇಲೆ ಒಂದೊಂದು ಕೊಡೆಗೆ ಬೇಕಾದಷ್ಟು ದಾರವನ್ನು ಮೊದಲೇ ಅಳೆದು ಕತ್ತರಿಸಿಡಬೇಕು ಎಂದು ಹೇಳಿ ಹೋದರು. ಪ್ರತಿ ಸಲವೂ ಹಾಗೆ ಏನಾದರೊಂದನ್ನು ಸರಿಮಾಡಲೇಬೇಕು. ದಾರದ್ದು ಸುಲಭವಾಗಿತ್ತು.

ದಾಕ್ಷಾಯಣಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಗುತ್ತಲೂ ಇದ್ದಳು. “ಇಷ್ಟು ಹೇಳಿಸೋಕೆ ಊರೆಲ್ಲ ಉಪವಾಸ ಬೀಳಬೇಕಾಯ್ತೇನ್ರೀ?”

“ನೀನಾದರೂ ಹೇಳಬಹುದಿತ್ತಲ್ಲ,” ಎಂದೆ.

“ಹೇಳಬಹುದಿತ್ತು.” ಬಟ್ಟೆಗೆ ಚುಚ್ಚಿದ್ದ ಸೂಜಿಯನ್ನು ಕಿತ್ತುಕೊಂಡು, “ಕಟ್ಟೆಗೆ ಹೋಗೋದನ್ನ ನಾನು ಬಿಡಲ್ಲ. ಅದು ನನ್ನದು,” ಎಂದಳು.

“ಬಿಡು ಅಂದೆನೇನೇ?”

“ಗುರುವಾರ ಬೇಕಾದ್ರೆ ನೀವೂ ಬನ್ನಿ. ಬೇರೆ ದಿನ ಬೇಡ.”

ಮಾರನೆಯ ದಿನವೇ ಗುರುವಾರ. ಸಂಜೆ ನಾನು ಹೋದಾಗ ಅವಳು ಕಟ್ಟೆಯ ಒಂದು ತುದಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಹಳೆಯ ಕಲ್ಲಿನ ಕಟ್ಟೆ, ಮುಂದೆ ಬಯಲು. ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಅವಳಿಗೆ ತೊಂದರೆಯಾಗಬಾರದೆಂದು ನಾನು ಇನ್ನೊಂದು ತುದಿಯಲ್ಲಿ ಕೂತೆ. ಏನು ಮಾಡಬೇಕೆಂದು ತೋಚದೆ ಕೈ ಕಟ್ಟಿಕೊಂಡೆ, ಬಿಚ್ಚಿದೆ, ಮತ್ತೆ ಕಟ್ಟಿಕೊಂಡೆ. ಅವಳು ನನ್ನನ್ನು ನೋಡಲಿಲ್ಲ. ಬಯಲಿನಲ್ಲಿ ಒಂದು ಎಮ್ಮೆ ಮೇಯುತ್ತಾ ಬಹಳ ದೂರ ಹೋಯಿತು. ಆಮೇಲೆ ಅವಳು ತನ್ನ ಪಕ್ಕದ ಕಲ್ಲಿನ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸಿ, “ಬನ್ನಿ, ಕೂತ್ಕೊಳ್ಳಿ,” ಎಂದಳು.